ತಾಳಿಕೋಟಿ ಫರ್ಸಿಯೂ ಅರವತ್ತು ನಿಂಬೆಹಣ್ಣೂ

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಕಥೆಯೆಲ್ಲ ಕೇಳಿದ ಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ. ಒಂದೇ ವಿಷಯವನ್ನು ಇಪ್ಪತ್ತೆರಡು ವರ್ಷ ಕಲಿಸಿದವನಿಗೆ ಅದರ ಮೇಲೆ ಒಂದು ಬಗೆಯ ಸಲಿಗೆ ಬಂದುಬಿಡುತ್ತದೆ. ದಿನಾ ಬಾಗೇವಾಡಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗಿಬರುವವನು, ಡ್ರೈವರ್ ಒಂದು ದಿನ ಬರದಿದ್ದರೆ ತಾನೇ ಓಡಿಸಬಲ್ಲೆ ಎಂದುಕೊಳ್ಳುತ್ತಾನಲ್ಲ, ಹಾಗೆ. ಡ್ರೈವರ್ ತಪ್ಪದೆ ಬರುವುದರಿಂದ ಅವನ ಮರ್ಯಾದೆ ಉಳಿದಿದೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಒಂದು ಭಾನುವಾರ ಮನೆಯಲ್ಲಿ ಯಾರೂ ಇರಲಿಲ್ಲ, ನಾನೇ ಸ್ಟೇರಿಂಗ್ ಹಿಡಿದೆ.

ನನಗೆ ಬಹಳ ಪ್ರಿಯವಾದ ಸಂಯುಕ್ತವೆಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಅದರಲ್ಲಿ ಬಡಿವಾರವೇನೂ ಇಲ್ಲ. ಒಂದು ಕ್ಯಾಲ್ಸಿಯಂ, ಒಂದು ಕಾರ್ಬನ್, ಮೂರು ಆಕ್ಸಿಜನ್, ಅಷ್ಟೇ ಅದರ ಸಂಸಾರ. ಮೂರು ಆಕ್ಸಿಜನ್‌ಗಳು ಒಲೆಯ ಮೂರು ಗುಂಡುಗಳ ಹಾಗೆ ಸುತ್ತ ಕುಳಿತಿರುತ್ತವೆ, ನಡುವೆ ಕೆಂಡದಂತೆ ಕಾರ್ಬನ್. ಈ ಒಲೆಗೆ ಎರಡು ಋಣ ವಿದ್ಯುದಂಶ. ಪಕ್ಕದಲ್ಲಿ ಎರಡು ಧನ ವಿದ್ಯುದಂಶದ ಕ್ಯಾಲ್ಸಿಯಂ. ಒಬ್ಬರನ್ನೊಬ್ಬರು ಹಿಡಿದುಕೊಂಡು ಸಾಲಾಗಿ ನಿಂತರೆ ಸುಣ್ಣದ ಕಲ್ಲು, ಒತ್ತಡ ಬಿಸಿ ತಿಂದು ಒತ್ತಾಗಿ ನಿಂತರೆ ಅಮೃತಶಿಲೆ. ಶಂಖ, ಕವಡೆ, ಮುತ್ತು, ಕೋಳಿಮೊಟ್ಟೆಯ ಸಿಪ್ಪೆ, ಹೊಟ್ಟೆಯುರಿಗೆ ನುಂಗುವ ಗುಳಿಗೆ, ಹಲ್ಲುಜ್ಜುವ ಪೇಸ್ಟು, ಎಲ್ಲದರಲ್ಲೂ ಇದೇ ಮಹಾಶಯ. ಎಂಟುನೂರು ಡಿಗ್ರಿ ದಾಟಿಸಿ ಸುಟ್ಟರೆ ಅನಿಲ ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಅದಕ್ಕೆ ನೀರು ಹಾಕಿದರೆ ಬುಸ್ಸೆಂದು ಕಾದು ಎಲೆಗೆ ಹಚ್ಚುವ ಸುಣ್ಣವಾಗುತ್ತದೆ. ಅದನ್ನೇ ಗೋಡೆಗೆ ಬಳಿದರೆ ಬೆಂಕಿಯಲ್ಲಿ ಕಳೆದುಕೊಂಡದ್ದನ್ನು ಗಾಳಿಯಿಂದಲೇ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಇಷ್ಟು ಸಜ್ಜನ ವಸ್ತುವಿಗೆ ಒಂದೇ ವೈರಿ, ಆಮ್ಲ. ಒಂದು ಹನಿ ಬಿದ್ದರೂ ಸುಂಯ್ ಎಂದು ಗುಳ್ಳೆ ಎದ್ದು ಕಲ್ಲು ಕರಗಿಹೋಗುತ್ತದೆ. ಇದನ್ನು ನಾನು ಪ್ರತಿವರ್ಷ ಜುಲೈ ತಿಂಗಳಲ್ಲಿ, ಪ್ರಯೋಗ ಮಾಡಿ ತೋರಿಸಿ, ಮಕ್ಕಳಿಂದ ಮೂರು ಸಲ ಬರೆಸುತ್ತೇನೆ. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿಡಿ, ನನಗೆ ಅದೊಂದು ದಿನ ನೆನಪಿರಲಿಲ್ಲ.

ನಡುವೆ ಇನ್ನೊಂದು ತಪ್ಪೊಪ್ಪಿಗೆ. ಬಹಳ ವರ್ಷ ನಾನು ಕೈಯಲ್ಲಿದ್ದ ಸೀಮೆಸುಣ್ಣವನ್ನು ಎತ್ತಿ ಹಿಡಿದು "ಇದೂ ಕ್ಯಾಲ್ಸಿಯಂ ಕಾರ್ಬೋನೇಟ್" ಎಂದು ಹೇಳುತ್ತಿದ್ದೆ. ಒಂದು ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಹಂಗಾರ ಅದಕ್ಕೂ ಆಸಿಡ್ ಹಾಕಿ ತೋರಸ್ರಿ" ಅಂದಳು. ಹಾಕಿದೆ. ಗುಳ್ಳೆ ಬರಲಿಲ್ಲ. ಇನ್ನೊಂದು ಹನಿ ಹಾಕಿದೆ. ಸೀಮೆಸುಣ್ಣ ಹಸಿಯಾಗಿ ನನ್ನ ಮುಖ ನೋಡುತ್ತಾ ಬಿದ್ದುಕೊಂಡಿತ್ತು. ಆಮೇಲೆ ವಿಚಾರಿಸಿದರೆ ಈಗ ನಮ್ಮ ಕಡೆ ಸಿಗುವ ಸೀಮೆಸುಣ್ಣವನ್ನು ಹೆಚ್ಚಾಗಿ ಜಿಪ್ಸಂನಿಂದ ಮಾಡುತ್ತಾರಂತೆ, ಅದು ಬೇರೆಯೇ ಜಾತಿ. ದಿನಾ ಐದು ತಾಸು ಕೈಯಲ್ಲಿ ಹಿಡಿದು, ಅಂಗಿಗೆ ಬಳಿದುಕೊಂಡು, ಉಸಿರಿನಲ್ಲಿ ಎಳೆದುಕೊಂಡ ವಸ್ತು ಯಾವುದೆಂದು ನನಗೆ ತಿಳಿದಿರಲಿಲ್ಲ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಈಗ ಮನೆಯ ಸಂಗತಿಗೆ ಬರುತ್ತೇನೆ. ಬಸವನ ಬಾಗೇವಾಡಿಯಲ್ಲಿ ನಾವಿರುವುದು ಬಾಡಿಗೆ ಮನೆ. ಮನೆ ಸಣ್ಣದು, ಕಿಟಕಿಗಳು ಸೆಟೆದುಕೊಂಡು ಅರ್ಧಕ್ಕೇ ನಿಲ್ಲುತ್ತವೆ, ಬಚ್ಚಲ ಬಾಗಿಲು ಮಳೆಗಾಲದಲ್ಲಿ ಉಬ್ಬಿಕೊಳ್ಳುತ್ತದೆ. ಆದರೆ ನೆಲ ಮಾತ್ರ ಅರಮನೆಯದು. ಮುದ್ದೇಬಿಹಾಳದ ಕಡೆಯ ತಾಳಿಕೋಟಿ ಕಲ್ಲಿನ ಹಾಸು, ನಮ್ಮ ಕಡೆ ಫರ್ಸಿ ಎನ್ನುತ್ತೇವೆ. ಮಳೆ ಹಿಡಿದ ಮೋಡದ ಬಣ್ಣ. ಒಂದು ಕಲ್ಲಿಗೂ ಇನ್ನೊಂದು ಕಲ್ಲಿಗೂ ನಡುವೆ ಉಗುರು ಕೂಡ ತೂರುವುದಿಲ್ಲ. ಬೇಸಿಗೆಯಲ್ಲಿ ಹೊರಗೆ ಬಿಸಿಲು ಸುಡುತ್ತಿರುವಾಗ ಊಟ ಮಾಡಿ ಆ ನೆಲದ ಮೇಲೆ ಬರಿಮೈಯಲ್ಲಿ ಬಿದ್ದುಕೊಂಡರೆ ಊಟಿ ಗೀಟಿ ಎಲ್ಲ ಸುಳ್ಳು. ನಮ್ಮ ಕಾಲೇಜಿನ ಭೌತಶಾಸ್ತ್ರದವರು ಹೊಳೆಯುವ ಟೈಲ್ಸ್ ಹಾಕಿದ ಸ್ವಂತ ಮನೆ ಕಟ್ಟಿಸಿದ್ದಾರೆ. ಏಪ್ರಿಲ್ ಬಂದರೆ ಅವರೂ ಏನಾದರೊಂದು ನೆಪ ಹೇಳಿಕೊಂಡು ಬಂದು ನಮ್ಮ ನೆಲದ ಮೇಲೆ ಮಲಗುತ್ತಾರೆ.

ಈ ನೆಲ ಹಾಕಿದವರು ಮನೆಯ ಮಾಲಕರಾದ ನೀಲವ್ವನವರ ಗಂಡ ರಾಚಪ್ಪ. ಅವರು ಗೌಂಡಿ. ಜೀವಮಾನವಿಡೀ ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ತಿರುಗಾಡಿ ಕಂಡವರ ಮನೆಗೆಲ್ಲ ಫರ್ಸಿ ಹಾಕಿದರು. ತಮ್ಮ ಮನೆಯಲ್ಲಿ ಮಾತ್ರ ಮಣ್ಣಿನ ನೆಲ. ಕಡೆಗೊಮ್ಮೆ ಕೈ ನಡುಗುವುದು ಶುರುವಾದಾಗ, ಇನ್ನು ಹೊರಗಿನ ಕೆಲಸ ಸಾಕು ಎಂದು, ಒಂದು ಚಳಿಗಾಲ ಪೂರ್ತಿ ಕುಳಿತು ಈ ನೆಲ ಹಾಕಿದರಂತೆ. ಮರುವರ್ಷ ತೀರಿಕೊಂಡರು. ನೀಲವ್ವ ಈಗ ಮಸೂತಿಯಲ್ಲಿ ಮಗಳ ಹತ್ತಿರ ಇದ್ದಾರೆ. ಮನೆ ಬಾಡಿಗೆಗೆ ಕೊಡುವಾಗ ಅವರು ಹಾಕಿದ ಷರತ್ತು ಒಂದೇ. "ಮನ್ಯಾಗ ಏನರ ಮಾಡ್ಕೋರಿ ಮಾಸ್ತರ. ಫರ್ಸಿಗೆ ಎಣ್ಣಿ ಮಾತ್ರ ನಾನ ಹಚ್ಚಾಕಿ." ಪ್ರತಿ ಅಮಾವಾಸ್ಯೆಯ ದಿನ ಕುಸುಬಿ ಎಣ್ಣೆಯ ಬಾಟಲಿ, ಹಳೆಯ ಧೋತರದ ಚಿಂದಿ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಬರುತ್ತಾರೆ. ಮೂಲೆಯಿಂದ ಮೂಲೆಗೆ ಕುಳಿತಲ್ಲೇ ಸರಿಯುತ್ತಾ ಒಂದೊಂದೇ ಕಲ್ಲಿಗೆ ಎಣ್ಣೆ ಒರೆಸುತ್ತಾರೆ. ಹಚ್ಚುವಾಗ ಮಾತಾಡುವುದಿಲ್ಲ. ನನ್ನ ಹೆಂಡತಿ ಸುನಂದಾ ಕೂಡ ಆ ಹೊತ್ತಿನಲ್ಲಿ ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ. ಅದು ಗಂಡಹೆಂಡಿರ ನಡುವಿನ ವಿಷಯ ಎಂದು ಅವಳಿಗೆ ತಿಳಿದಿತ್ತು. ನನಗೆ ಆ ಎಣ್ಣೆ ಕಾಲುಚೀಲಕ್ಕೆ ಹತ್ತುತ್ತದೆ ಎಂಬುದು ಮಾತ್ರ ತಿಳಿದಿತ್ತು.

ನಮ್ಮದು ಬೋರಿನ ನೀರು. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳಿಗೆ ಬರವಿಲ್ಲ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಒಂದಿಷ್ಟು ಇಂಗಾಲದ ಡೈಆಕ್ಸೈಡ್ ಕುಡಿದು ಕೆಳಗಿಳಿಯುವಾಗ ಆ ಸುಣ್ಣವನ್ನು ಕರಗಿಸಿಕೊಂಡು ಹೋಗುತ್ತದೆ. ಮೋಟಾರು ಅದನ್ನು ಮೇಲೆತ್ತಿ ನಮ್ಮ ಹಂಡೆಗೆ ತುಂಬುತ್ತದೆ. ಕಾಯಿಸಿದ ತಕ್ಷಣ ಅನಿಲ ಹಾರಿಹೋಗಿ ಕಲ್ಲು ಹಿಂದುಳಿಯುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಹಂಡೆಯೊಳಗೆ ಕಲ್ಲು, ನಲ್ಲಿಯ ಬಾಯಿಗೆ ಕಲ್ಲು, ನೀರು ಕಾಯಿಸುವ ಕಾಯಿಲಿನ ಸುತ್ತ ಬೆರಳು ದಪ್ಪ ಕಲ್ಲು. ಚಹಾದ ಪಾತ್ರೆಯ ತಳ ಬಡಿದರೆ ಹಕ್ಕಳೆ ಏಳುತ್ತದೆ. ಸುನಂದಾ ದಿನಾ ತಿಕ್ಕಿ ತಿಕ್ಕಿ, "ರೀ, ಕೆಮಿಸ್ಟ್ರಿ ಮಾಸ್ತರ ಅಂತ ಊರಾಗೆಲ್ಲ ಹೆಸರ ಐತಿ, ಮನ್ಯಾಗ ಒಂದ ಪಾತ್ರಿ ಬೆಳ್ಳಗ ಮಾಡಾಕ ಆಗೂದಿಲ್ಲ ನಿಮ್ಮ ಕಡಿಂದ" ಎನ್ನುವಳು. ಇಷ್ಟು ವರ್ಷ ನಾನು ಅದನ್ನು ಕೇಳಿಸಿಕೊಳ್ಳದೆ ಪೇಪರು ಓದುತ್ತಿದ್ದೆ.

ಈ ವರ್ಷ ಇಂಡಿಯಲ್ಲಿರುವ ಅವಳ ತಮ್ಮ ಒಂದು ಚೀಲ ನಿಂಬೆಹಣ್ಣು ಕಳಿಸಿದ. ಇಂಡಿಯವರಿಗೆ ನಿಂಬೆ ಕೊಡುವುದೆಂದರೆ ನಮಸ್ಕಾರ ಮಾಡಿದಷ್ಟೇ ಸಲೀಸು. ಉಪ್ಪಿನಕಾಯಿ ಹಾಕಿದ್ದಾಯಿತು, ಶರಬತ್ತು ಕುಡಿದದ್ದಾಯಿತು, ಓಣಿಗೆಲ್ಲ ಹಂಚಿದ್ದಾಯಿತು, ಇನ್ನೂ ಅರ್ಧ ಚೀಲ ಉಳಿಯಿತು. ಒಂದು ದಿನ ಚಹಾದ ಪಾತ್ರೆಗೆ ಎರಡು ಹಣ್ಣು ಹಿಂಡಿ, ನೀರು ಹಾಕಿ ಕುದಿಸಿ ಸುನಂದಾಳಿಗೆ ತೋರಿಸಿದೆ. ತಳ ಕನ್ನಡಿಯಾಗಿತ್ತು. "ಸಿಟ್ರಿಕ್ ಆಮ್ಲ" ಎಂದೆ ಗಂಭೀರವಾಗಿ. ಅವಳು ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಯ್ಯ, ಖರೇನ ಛಲೋ ಆಗೇತ್ರಿ!" ಎಂದಳು. ಮದುವೆಯಾದ ಮೇಲೆ ಹೆಂಡತಿ ನನ್ನ ವಿದ್ಯೆಯನ್ನು ಮೆಚ್ಚಿದ್ದು ಅದೇ ಮೊದಲು. ಆ ಮೆಚ್ಚುಗೆ ನನ್ನ ತಲೆಗೆ ಹತ್ತಿತು. ವಾರದೊಳಗೆ ನಲ್ಲಿ, ಬಕೀಟು, ಕಾಯಿಲು, ಹಂಡೆ ಎಲ್ಲ ಫಳಫಳ. ಇನ್ನೇನು ತೊಳೆಯಲಿ ಎಂದು ಮನೆಯಲ್ಲಿ ಬೇಟೆನಾಯಿಯಂತೆ ಅಲೆದಾಡತೊಡಗಿದೆ.

ಆಗ ಕಣ್ಣಿಗೆ ಬಿದ್ದದ್ದು ನೆಲ. ಕುಡಿಯುವ ನೀರಿನ ಕೊಡ ಇಡುವ ಜಾಗದಲ್ಲಿ, ಬಚ್ಚಲ ಬಾಗಿಲಲ್ಲಿ ನೀರು ಚೆಲ್ಲಿ ಚೆಲ್ಲಿ ಬೆಳ್ಳನೆಯ ಕಲೆಗಳು ಕೂತಿದ್ದವು. ಕ್ಯಾಲ್ಸಿಯಂ ಕಾರ್ಬೋನೇಟ್, ಎಂದೆ ಮನಸ್ಸಿನಲ್ಲೇ. ಆ ಭಾನುವಾರ ಸುನಂದಾ ಸಿಂದಗಿಗೆ, ತನ್ನ ಅಕ್ಕನ ಮಗಳ ಕುಬಸಕ್ಕೆ ಹೋಗಿದ್ದಳು. ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ, ಗಂಡಸರಿಗೆ ಅಲ್ಲಿ ಊಟದ ಹೊರತು ಕೆಲಸವಿಲ್ಲ. ನನಗೆ ಇಲ್ಲಿ ದೊಡ್ಡ ಕೆಲಸವಿದೆ ಎಂದು ಉಳಿದುಕೊಂಡೆ. ಎಣ್ಣೆಯ ಪದರ ಇದ್ದರೆ ಆಮ್ಲ ಒಳಗಿಳಿಯುವುದಿಲ್ಲ ಎಂಬಷ್ಟು ಶಾಸ್ತ್ರ ನನಗೆ ಗೊತ್ತಿತ್ತು. ಅದಕ್ಕೆ ಮೊದಲು ಬಿಸಿನೀರಿಗೆ ಒಗೆಯುವ ಸೋಡಾ ಹಾಕಿ ಇಡೀ ನೆಲ ಉಜ್ಜಿ, ನೀಲವ್ವ ವರ್ಷಗಟ್ಟಲೆ ಹಚ್ಚಿದ್ದ ಎಣ್ಣೆಯನ್ನು ಒಂದು ತಾಸಿನಲ್ಲಿ ತೆಗೆದೆ. ಆಮೇಲೆ ಅರವತ್ತು ನಿಂಬೆಹಣ್ಣು ಬಕೀಟಿಗೆ ಹಿಂಡಿದೆ. ಲೆಕ್ಕ ಹೇಗೆ ನೆನಪಿದೆ ಎಂದರೆ ಕೈಬೆರಳಿನ ಗಾಯಗಳಿಗೆ ಪ್ರತಿ ಹಣ್ಣೂ ಪ್ರತ್ಯೇಕವಾಗಿ ಉರಿಯುತ್ತಿತ್ತು.

ಮೊದಲು ಕಲೆಗಳ ಮೇಲಷ್ಟೇ ಹೊಯ್ದೆ. ಸಣ್ಣಗೆ ಸುಂಯ್ ಎಂಬ ಸದ್ದು. ಬಗ್ಗಿ ನೋಡಿದರೆ ಸಾಸಿವೆಯಷ್ಟು ಗುಳ್ಳೆಗಳು. ನನಗಾದ ಸಂತೋಷವನ್ನು ಏನು ಹೇಳಲಿ! ಪ್ರಯೋಗಾಲಯದಲ್ಲಿ ಆ ಸದ್ದಿಗೆ ಮಕ್ಕಳು ಓ ಎನ್ನುತ್ತಾರೆ, ಇಲ್ಲಿ ನಾನೊಬ್ಬನೇ ಓ ಎಂದೆ. ತೊಳೆದ ಜಾಗ ಒಂದು ಬಣ್ಣ, ಉಳಿದದ್ದು ಒಂದು ಬಣ್ಣ ಆಗಬಾರದಲ್ಲ ಎಂದು ಪಡಸಾಲೆಗೂ ಅಡುಗೆಮನೆಗೂ ಪೂರ್ತಿ ಹೊಯ್ದೆ. ಎಲ್ಲ ಕಡೆಯೂ ಗುಳ್ಳೆ ಬಂತು. ಕಲೆ ಇಲ್ಲದ ಕಡೆಯೂ ಯಾಕೆ ಬರುತ್ತಿದೆ ಎಂದು ಒಂದು ಕ್ಷಣ ಅನುಮಾನ ಬಂತು ನೋಡಿ. ಕಣ್ಣಿಗೆ ಕಾಣದ ಕಲೆ ಇರಬೇಕು ಎಂದು ಆ ಅನುಮಾನಕ್ಕೆ ಸಮಾಧಾನ ಹೇಳಿ, ಅರ್ಧ ತಾಸು ಬಿಟ್ಟು, ಅಂಗಳದಲ್ಲಿ ಚಹಾ ಕುಡಿಯುತ್ತಾ ಕುಳಿತೆ. ತಾಳಿಕೋಟಿ ಕಲ್ಲು ಸುಣ್ಣದ ಕಲ್ಲು. ಸುಣ್ಣದ ಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಬಾಡಿಗೆದಾರ ಚೆಲ್ಲಿದ ಕಲೆ ಯಾವುದು, ಮಾಲಕರು ಹಾಕಿದ ಕಲ್ಲು ಯಾವುದು ಎಂದು ಆಮ್ಲಕ್ಕೆ ಗೊತ್ತಾಗುವುದಿಲ್ಲ. ಅದು ಇಬ್ಬರನ್ನೂ ಸಮನಾಗಿ ತಿನ್ನುತ್ತದೆ.

ನೆಲ ಒಣಗಿತು. ಮೋಡದ ಬಣ್ಣದ ಕಲ್ಲೆಲ್ಲ ಬೂದಿ ಬಡಿದುಕೊಂಡು ಕುಳಿತಿತ್ತು. ಹೊಳಪು ಹೋಗಿ, ಕೈಯಾಡಿಸಿದರೆ ಬೆಕ್ಕಿನ ನಾಲಿಗೆಯಂತೆ ಒರಟು. ಮತ್ತೆ ನೀರು ಹಾಕಿದೆ. ಹಸಿ ಇರುವ ತನಕ ಕಪ್ಪಗೆ ಕಂಡು ಆಸೆ ಹುಟ್ಟಿಸಿ, ಒಣಗಿದೊಡನೆ ಮತ್ತೆ ಬೂದಿ. ಸಂಜೆ ಸುನಂದಾ ಬಂದಳು. ಹೊಸ್ತಿಲಲ್ಲೇ ನಿಂತಳು. ಉಡಿಯಲ್ಲಿ ತಂದ ಹೂರಣದ ಕಡುಬಿನ ಡಬ್ಬಿ ಇನ್ನೂ ಕೈಯಲ್ಲೇ ಇತ್ತು.

"ಏನ ಮಾಡೀರಿ ಇದು?"

"ಕಲೆ ತಗದೇನಿ. ಕ್ಯಾಲ್ಸಿಯಂ ಕಾರ್ಬೋನೇಟ್."

"ಮತ್ತ ಈ ಕಲ್ಲ? ಇದು ಯಾತರದು?"

ನಾನು ಬಾಯಿ ತೆರೆದೆ. ಇಪ್ಪತ್ತೆರಡು ವರ್ಷದ ಜುಲೈ ತಿಂಗಳುಗಳೆಲ್ಲ ಆಗ ಒಟ್ಟಿಗೆ ನೆನಪಿಗೆ ಬಂದವು. "ಇದೂ... ಅದ ಐತಿ."

"ಹಂಗಾರ ತಗದೀರಿ ಬಿಡ್ರಿ, ಪೂರಾ ತಗದೀರಿ" ಎಂದು ಅವಳು ಒಳಗೆ ಹೋದಳು. ಆ ಕಡುಬಿನಲ್ಲಿ ನನಗೆ ಒಂದೂ ಸಿಗಲಿಲ್ಲ, ನಾನು ಕೇಳಲೂ ಇಲ್ಲ.

ಅಮಾವಾಸ್ಯೆಗೆ ನಾಲ್ಕೇ ದಿನ ಉಳಿದಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಬುದ್ಧಿಯೂ ಸರಿಯಾಗಿ ಬರಲಿಲ್ಲ. ಮರುದಿನ ಯಾರಿಗೂ ಹೇಳದೆ ಶೇಂಗಾ ಎಣ್ಣೆ ತಂದು ಒಂದು ಮೂಲೆಗೆ ಹಚ್ಚಿದೆ. ಹೊಳಪು ಬರಲಿಲ್ಲ, ಇರುವೆ ಬಂದವು. ಪುಸ್ತಕ ತೆಗೆದು ನೋಡಿದರೆ, ಕುಸುಬಿ ಎಣ್ಣೆ ಗಾಳಿಯ ಆಕ್ಸಿಜನ್ ಹೀರಿಕೊಂಡು ತೆಳ್ಳನೆಯ ಗಟ್ಟಿ ಪದರವಾಗಿ ಒಣಗುತ್ತದಂತೆ, ಶೇಂಗಾ ಎಣ್ಣೆ ಒಣಗದೆ ಜಿಡ್ಡಾಗಿಯೇ ಉಳಿಯುತ್ತದಂತೆ. ಸಾಲಿಯ ಮುಖ ನೋಡದ ನೀಲವ್ವನಿಗೆ ಇದು ಗೊತ್ತಿತ್ತು. ನಾಲ್ಕನೆಯ ದಿನ ಪಕ್ಕದ ಮನೆಯಿಂದ ದೊಡ್ಡ ಜಮಖಾನೆ ಕೇಳಿ ತಂದು ಪಡಸಾಲೆಗೆ ಹಾಸಿದೆ. ಉಳಿದ ಕಡೆ ಚಾಪೆ, ಚಾಪೆ ಸಾಲದ ಕಡೆ ಹಳೆಯ ಪೇಪರು. ಸುನಂದಾ ನೋಡಿ, "ಇದನ್ನ ಹೆಂಗ ಹೇಳ್ತೀರಿ ನೀವ ಹೇಳ್ರಿ, ನಾ ಸುಳ್ಳ ಹೇಳಾಕಿ ಅಲ್ಲ" ಎಂದಳು.

ನೀಲವ್ವ ಹತ್ತು ಗಂಟೆಯ ಬಸ್ಸಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟವರು ಅಲ್ಲೇ ನಿಂತರು.

"ಏನ್ರಿ ಮಾಸ್ತರ, ಮನ್ಯಾಗ ಏನರ ಕಾರ್ಯ ಐತೇನ್ರಿ? ಜಮಖಾನಿ ಹಾಸೀರಿ."

"ಇಲ್ರಿ ಅವ್ವಾರ, ನೆಲ ಭಾಳ ಥಂಡಿ ಹತ್ತತಿತ್ತು, ಅದಕ್ಕ..."

ಅವರು ತಲೆಯ ಮೇಲೆ ಭರ್ರನೆ ತಿರುಗುತ್ತಿದ್ದ ಫ್ಯಾನು ನೋಡಿದರು. ಬೆವರಿನಿಂದ ತೊಯ್ದ ನನ್ನ ಬನಿಯನ್ ನೋಡಿದರು. ಹೊರಗೆ ಏಪ್ರಿಲ್ ಬಿಸಿಲು ಕುದಿಯುತ್ತಿತ್ತು. "ತಗೀರಿ" ಎಂದರು.

ಜಮಖಾನೆ ಸುತ್ತಿದೆ. ಅಷ್ಟು ಭಾರದ ವಸ್ತುವನ್ನು ನಾನು ಇದುವರೆಗೆ ಸುತ್ತಿಲ್ಲ. ನೀಲವ್ವ ಮೆಲ್ಲನೆ ಕುಳಿತು, ಅಂಗೈಯನ್ನು ಕಲ್ಲಿನ ಮೇಲಿಟ್ಟರು. ಆಮೇಲೆ ಪಕ್ಕದ ಕಲ್ಲು, ಅದರ ಪಕ್ಕದ ಕಲ್ಲು. ಬೈಯುತ್ತಾರೆಂದು ನಾನು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಕಲ್ಲಿನಿಂದ ಕಲ್ಲಿಗೆ ಸರಿಯುತ್ತಾ ಹೋದರು. ಮಾಡಿದ ತಪ್ಪಿಗೆ ನಾಚಿಕೆಯಾಗುವುದು ಬೇರೆ, ಇನ್ನೊಬ್ಬರ ದುಃಖ ನಮ್ಮ ಕೈಯಿಂದ ಆಯಿತೆಂದು ತಿಳಿಯುವುದು ಬೇರೆ. ನನಗೆ ಅಳು ಬಂತು. ಐವತ್ತು ದಾಟಿದ ಗಂಡಸು ಲುಂಗಿ ಉಟ್ಟು ಜಮಖಾನೆ ತಬ್ಬಿಕೊಂಡು ಅಳುವುದು ಚೆನ್ನಾಗಿ ಕಾಣುವುದಿಲ್ಲ ಎಂದು ತಡೆದುಕೊಂಡೆ.

"ಅವ್ವಾರ, ತಪ್ಪಾತ್ರಿ. ತಾಳಿಕೋಟಿಯಿಂದ ಹೊಸಾ ಕಲ್ಲ ತರಿಸಿ ಹಾಕಸ್ತೇನ್ರಿ."

"ಹೊಸಾ ಕಲ್ಲ ಸಿಗ್ತಾವ್ರಿ ಮಾಸ್ತರ. ಹಾಕಿದವರು ಸಿಗ್ತಾರೇನ್ರಿ?"

ಅವರು ಬೆರಳನ್ನು ಮೂಗಿಗೆ ಹಿಡಿದು ನೋಡಿ, "ಲಿಂಬಿ" ಎಂದರು. ಮುಖ ಎತ್ತಿ ನೇರವಾಗಿ ಕೇಳಿದರು.

"ಲಿಂಬಿ ಹಾಕಿದ್ರ ಈ ಕಲ್ಲ ಕೆಡತೈತಿ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?"

"ಗೊತ್ತಿತ್ರಿ."

"ಯಾರು ಹೇಳಿದ್ರು?"

"ನಾನ ಹೇಳ್ತೇನ್ರಿ. ಸಾಲ್ಯಾಗ. ಇಪ್ಪತ್ತೆರಡ ವರ್ಷಾತ್ರಿ."

ನೀಲವ್ವ ನನ್ನನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ, ಸೋಜಿಗವಿತ್ತು. "ಅಷ್ಟ ವರ್ಷದಾಗ ನೀವ್ ಹೇಳಿದ್ದು ನಿಮಗ ಒಮ್ಮೆರ ಕೇಳಿಸಿಲ್ಲೇನ್ರಿ ಮಾಸ್ತರ?" ಎಂದರು. ಒಳಗಿನಿಂದ ಸುನಂದಾಳ ಕೆಮ್ಮು ಕೇಳಿಸಿತು. ನೀಲವ್ವ ಚಹಾ ಕುಡಿಯಲಿಲ್ಲ. ಎಣ್ಣೆಯ ಬಾಟಲಿ ತೆಗೆಯಲೇ ಇಲ್ಲ, ಚೀಲವನ್ನು ಬಗಲಿಗೆ ಹಾಕಿಕೊಂಡು ಬಂದ ಹಾಗೇ ಹೊರಟುಹೋದರು. ಅಮಾವಾಸ್ಯೆಯ ದಿನ ಆ ನೆಲಕ್ಕೆ ಎಣ್ಣೆ ಬೀಳದೆ ಹೋದದ್ದು ಅದೇ ಮೊದಲಂತೆ, ಸುನಂದಾ ಹೇಳಿದಳು. ಆ ವಾರ ನಾವಿಬ್ಬರೂ ಬೇರೆ ಮನೆ ಹುಡುಕುವ ಮಾತಾಡಿದೆವು. ಮಾತಾಡಿದೆವು ಅಷ್ಟೇ, ಹುಡುಕಲಿಕ್ಕೆ ಮನಸ್ಸೇ ಬರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ, ಬಾಗಿಲಲ್ಲಿ ನೀಲವ್ವ. ಜೊತೆಗೆ ಒಂದು ಗೋಣಿಚೀಲ. ಮನೆ ಬಿಡಿಸಲಿಕ್ಕೇ ಬಂದಿದ್ದಾರೆಂದು ಪೇಸ್ಟು ನುಂಗಿದೆ. ಅವರು ಚೀಲವನ್ನು ನೆಲದ ಮೇಲಿಟ್ಟು ಬಿಚ್ಚಿದರು. ಒಳಗೆ ಮೂರು ಕಲ್ಲು. ಒಂದು ಒರಟು, ಒಂದು ನಡುವಿನದು, ಒಂದು ಕೆನ್ನೆಗೆ ಒತ್ತಿಕೊಳ್ಳಬಹುದಾದಷ್ಟು ನುಣುಪು. ರಾಚಪ್ಪನವರು ಫರ್ಸಿ ತಿಕ್ಕುತ್ತಿದ್ದ ಕಲ್ಲುಗಳು. ಹೊಸದಾಗಿ ಕೆಲಸ ಕಲಿತಾಗ ಅವರೂ ಒಮ್ಮೆ ಸಿಮೆಂಟಿನ ಕಲೆ ತೆಗೆಯಲಿಕ್ಕೆ ಹೋಗಿ ಆಸಿಡ್ ಹಾಕಿ ಯಾರದೋ ಮನೆಯ ನೆಲ ಕೆಡಿಸಿದ್ದರಂತೆ. ಎಂಟು ದಿನ ಕುಳಿತು ತಿಕ್ಕಿ ಸರಿಮಾಡಿಕೊಟ್ಟರಂತೆ. "ಅವರು ತಿಳೀದ ಮಾಡಿದ್ರು" ಎಂದು ನೀಲವ್ವ ಆ ಕಥೆಗೆ ಕೂಡಲೇ ಒಂದು ಷರಾ ಸೇರಿಸಿದರು. "ಹೂಂ, ಲುಂಗಿ ಎತ್ತಿ ಕಟ್ರಿ."

ಮೊಣಕಾಲೂರಿ ಕುಳಿತೆ. ಕಲ್ಲುಗಳಲ್ಲಿ ರಾಚಪ್ಪನವರ ಹಿಡಿತದ ಗುಳಿ ಬಿದ್ದಿತ್ತು. ಹಿಡಿದರೆ ಕೈಗೆ ಹೊಂದುತ್ತಿರಲಿಲ್ಲ. ತಿರುಗಿಸಿ ಹಿಡಿದೆ, ಆಗಲೂ ಇಲ್ಲ. ನೀಲವ್ವ ನೋಡುತ್ತಿದ್ದು, "ಅವರದು ಎಡಗೈ ರೀ" ಎಂದರು. ಎಡಗೈಯಲ್ಲಿ ಹಿಡಿದೆ. ನಾಲ್ಕು ಬೆರಳು ನಾಲ್ಕು ಗುಳಿಗೆ, ಹೆಬ್ಬೆರಳು ಅದರ ಜಾಗಕ್ಕೆ ಹೋಗಿ ಕುಳಿತವು. ಬಲಗೈ ಇಲ್ಲದೆ ಏನನ್ನೂ ಮಾಡದ ನಾನು ಎಡಗೈಯಲ್ಲಿ ತಿಕ್ಕಲಾರಂಭಿಸಿದೆ. ನೀಲವ್ವ ಸ್ಟೂಲಿನ ಮೇಲೆ ಕುಳಿತು, "ಕಲ್ಲ ತಿಕ್ಕಬ್ಯಾಡ್ರಿ, ನೀರ ತಿಕ್ರಿ" ಎನ್ನುವರು. ಅದರ ಅರ್ಥ ತಿಳಿಯಲಿಕ್ಕೆ ನನಗೆ ಎರಡು ಭಾನುವಾರ ಬೇಕಾಯಿತು. ಬಲ ಹಾಕಿ ಒತ್ತಿದರೆ ಗೀರು ಬೀಳುತ್ತದೆ. ನೀರಿನ ಮೇಲೆ ಕಲ್ಲನ್ನು ಓಡಾಡಿಸುತ್ತಾ ಹೋದರೆ ಬೂದುಬಣ್ಣದ ರಾಡಿ ಏಳುತ್ತದೆ, ಆ ರಾಡಿಯೇ ಉಳಿದ ಕೆಲಸ ಮಾಡುತ್ತದೆ. ರಾಡಿ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ. ಅದೂ ಅದೇ.

ಹೀಗೆ ಆರು ಭಾನುವಾರ. ಭೌತಶಾಸ್ತ್ರದವರು ತಮ್ಮ ಮಲಗುವ ಜಾಗ ಏನಾಯಿತೆಂದು ನೋಡಲಿಕ್ಕೆ ಬಂದು, ಘರ್ಷಣೆಯ ಬಗ್ಗೆ ನಾಲ್ಕು ಮಾತು ಹೇಳಿ, ತಾವು ತಿಕ್ಕುವ ಪ್ರಸಂಗ ಬರುವ ಮೊದಲೇ ಎದ್ದು ಹೋದರು. ಸೋಮವಾರ ರಜೆಯ ವಿಶೇಷ ತರಗತಿಯಲ್ಲಿ ನಾನು ಎಡಗೈ ಎತ್ತಲಾಗದೆ, ಬಲಮೊಣಕಾಲು ಮಡಚಲಾಗದೆ ಕುಂಟುತ್ತಾ ಬರುವುದನ್ನು ಮಕ್ಕಳು ನೋಡುತ್ತಿದ್ದರು. ನೀಲವ್ವ ಇರುವ ಮಸೂತಿಯಿಂದಲೇ ಬರುವ ಮಕ್ಕಳು ನಾಲ್ಕೈದು ಜನರಿದ್ದಾರೆ, ಆದ್ದರಿಂದ ಯಾರೂ ಕಾರಣ ಕೇಳಲಿಲ್ಲ. ಸುನಂದಾ ಮಾತ್ರ ಮೂರನೆಯ ಭಾನುವಾರದಿಂದ ಕರುಣೆ ಬಂದು ನನಗೂ ನೀಲವ್ವನಿಗೂ ಒಂದೊಂದು ತಟ್ಟೆ ಅವಲಕ್ಕಿ ತಂದಿಡತೊಡಗಿದಳು. ಆ ಹೆಂಗಸರಿಬ್ಬರೂ ರಾಚಪ್ಪನವರ ಸಿಟ್ಟು, ಅವರ ಕುಶಾಲು, ಒಂದೊಂದು ಕಲ್ಲನ್ನೂ ಬಡಿದು ಕಿವಿಗೊಟ್ಟು ಸದ್ದು ಕೇಳಿ ಆರಿಸುತ್ತಿದ್ದ ಬಗೆ, ಇದನ್ನೆಲ್ಲ ಮಾತಾಡುವರು. ಇಷ್ಟು ವರ್ಷ ಎಣ್ಣೆ ಹಚ್ಚುವಾಗ ತುಟಿ ಬಿಚ್ಚದಿದ್ದ ನೀಲವ್ವ ಈಗ ನಗುತ್ತಾ ಮಾತಾಡುವುದನ್ನು ಕೇಳುತ್ತಾ, ನಾನು ಅವರ ಕಾಲಬಳಿ ರಾಡಿಯಲ್ಲಿ ಎಡಗೈ ಆಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಸುಖವಾಗುತ್ತಿತ್ತು.

ಆರನೆಯ ಭಾನುವಾರ ನುಣ್ಣನೆಯ ಕಲ್ಲಿನ ತಿಕ್ಕಾಟವೂ ಮುಗಿಯಿತು. ತೊಳೆದು ಒಣಗಿಸಿ ನೋಡಿದರೆ ಮೋಡದ ಬಣ್ಣ ಹಿಂದಿರುಗಿತ್ತು. ಪೂರ್ತಿ ಅಲ್ಲ. ಬಚ್ಚಲ ಬಾಗಿಲಿನ ಎರಡು ಕಲ್ಲು ಇನ್ನೂ ಸಪ್ಪಗೇ ಇವೆ. ರಾಚಪ್ಪನವರು ಇದ್ದಿದ್ದರೆ ಒಪ್ಪುತ್ತಿರಲಿಲ್ಲವೇನೋ. ನೀಲವ್ವ ಅಂಗೈಯಿಟ್ಟು ಪಡಸಾಲೆಯ ಉದ್ದಕ್ಕೂ ನೋಡಿದರು. ಛಲೋ ಆಗಿದೆ ಎಂದೇನೂ ಹೇಳಲಿಲ್ಲ. ಚೀಲದಿಂದ ಕುಸುಬಿ ಎಣ್ಣೆಯ ಬಾಟಲಿ ತೆಗೆದರು. ನನ್ನ ಮನಸ್ಸು ಎಷ್ಟು ಹಗುರಾಯಿತೆಂದರೆ, ಉತ್ಸಾಹದಿಂದ ಚಿಂದಿಗೆ ಕೈ ಚಾಚಿದೆ. "ನೀವ್ ಸ್ವಲ್ಪ ದೂರ ಕುಂಡ್ರರಿ ಮಾಸ್ತರ" ಎಂದು ಕೈ ಸರಿಸಿದರು. ನಾನು ದೂರ ಕುಳಿತೆ. ಮೂರು ಕಲ್ಲುಗಳನ್ನು ಗೋಣಿಚೀಲಕ್ಕೆ ತುಂಬಿ ಕೊಡಲು ಹೋದರೆ, "ಇಲ್ಲೇ ಇರಲಿ" ಎಂದರು. ನನ್ನ ಮೇಲೆ ಇನ್ನೂ ಅನುಮಾನ ಇದೆಯೆಂದು ತಿಳಿದುಕೊಂಡೆ.

ಹದಿನೈದು ದಿನವಾಗಿರಬೇಕು. ಕಾಲೇಜಿನಲ್ಲಿದ್ದಾಗ ಫೋನು ಬಂತು. ಮನಗೂಳಿಯಿಂದ, ಹೆಣ್ಣುಮಗಳ ದನಿ. ತಮ್ಮ ಮನೆಯಲ್ಲಿ ಹುಣಸೆಹುಳಿ ಹಾಕಿ ಕಟ್ಟೆಯ ಫರ್ಸಿ ತೊಳೆದಿದ್ದಾರಂತೆ, ಎಲ್ಲ ಬೆಳ್ಳಗಾಗಿದೆಯಂತೆ, ಬಂದು ತಿಕ್ಕಿಕೊಡಬೇಕಂತೆ. ನಾನು ಗಂಟಲು ಸರಿಮಾಡಿಕೊಂಡು, "ಅಮ್ಮಾರ, ತಪ್ಪ ನಂಬರ ಹಚ್ಚೀರೇನೋ. ನಾ ಕಾಲೇಜಿನ್ಯಾಗ ರಸಾಯನಶಾಸ್ತ್ರ ಕಲಸ್ತೇನಿ" ಎಂದೆ.

"ಗೊತ್ತೈತ್ರಿ, ಗೊತ್ತೈತಿ" ಎಂದಳು ಆಕೆ, ನನಗೆ ಧೈರ್ಯ ಹೇಳುವ ದನಿಯಲ್ಲಿ. "ನೀಲವ್ವಾರು ಎಲ್ಲಾ ಹೇಳ್ಯಾರ್ರಿ. ಕೆಮಿಸ್ಟ್ರಿ ಓದಿದವರು ಖರೆ, ಆದ್ರೂ ಫರ್ಸಿ ಕೆಲಸಾ ಛಲೋ ಮಾಡ್ತಾರ, ಅಂಜಬ್ಯಾಡ್ರಿ ಅಂದ್ರು."

ಮನಗೂಳಿಗೆ ಭಾನುವಾರ ಮೊದಲನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದೆ.